ಫೋರ್ ವೀಲ್ ಹಾಕಿದರೂ ಎರಡೇ ಚಕ್ರ ಸುತ್ತಿದ್ದೇಕೆ?

ಪ್ರಶ್ನೆ: ನಮ್ಮದು ಪಾಂಡವಪುರ ತಾಲ್ಲೂಕು. ಸ್ವಲ್ಪ ಗದ್ದೆ, ಸ್ವಲ್ಪ ಕಬ್ಬು. ಜಮೀನಿಗೆ ಹೋಗಬೇಕಂದ್ರೆ ಉಪನಾಲೆ ಏರಿ ಮೇಲೆ ಒಂದೂವರೆ ಕಿಲೋಮೀಟರ್ ಹೋಗಬೇಕು. ಹಳೇ ಫೋರ್ ವೀಲ್ ಜೀಪ್ ಇದೆ. ಮೊನ್ನೆ ಮಳೇಲಿ ಎಡಗಡೆ ಚಕ್ರಗಳು ಏರಿ ಅಂಚಿನ ಕೆಸರಿಗೆ ಇಳಿದ್ವು. ಫೋರ್ ವೀಲ್ ಹಾಕಿ, ಲೋ ಗೇರಿಗೆ ತಂದು ಒತ್ತಿದ್ರೂ ಎಡಗಡೆ ಎರಡು ಚಕ್ರ ಮಾತ್ರ ಸುತ್ತಿದ್ವು. ಗಟ್ಟಿ ನೆಲದ ಮೇಲಿದ್ದ ಬಲಗಡೆ ಚಕ್ರ ಅಲ್ಲಾಡಲೇ ಇಲ್ಲ. ಕೊನೆಗೆ ಪಕ್ಕದ ಜಮೀನಿನವರ ಟ್ರ್ಯಾಕ್ಟರ್ ಬಂದು ಎಳೀತು. ಈಗ ಸೆಕೆಂಡ್ ಹ್ಯಾಂಡ್‌ನಲ್ಲಿ ಎರಡು ಗಾಡಿ ನೋಡಿದ್ದೀನಿ. ಒಂದು ಡೀಸೆಲ್ ಥಾರ್, ಅದರ ಹಿಂದಿನ ಡಿಫರೆನ್ಷಿಯಲ್ ತಾನೇ ಲಾಕ್ ಆಗುತ್ತಂತೆ. ಇನ್ನೊಂದು ಜಿಮ್ನಿ, ಲಾಕ್ ಇಲ್ಲ, ಟ್ರ್ಯಾಕ್ಷನ್ ಕಂಟ್ರೋಲ್ ಇದೆ. ಲಾಕ್ ಇಲ್ಲದಿದ್ರೆ ಅದು ಫೋರ್ ವೀಲೇ ಅಲ್ಲ ಅಂತಾನೆ ನಮ್ಮ ಭಾವಮೈದ. ಯಾವುದು ತಗೊಳ್ಳಲಿ?

ಉತ್ತರ: ಮೊದಲಿಗೆ, ನಿಮ್ಮ ಜೀಪ್ ಕೆಟ್ಟಿಲ್ಲ. ಇದನ್ನು ಒತ್ತಿ ಹೇಳಲು ಕಾರಣವಿದೆ. ಹೀಗೆ ಹೂತುಕೊಂಡ ಮೇಲೆ "ಫೋರ್ ವೀಲ್ ಹಿಡೀತಿಲ್ಲ" ಅಂತ ಟ್ರಾನ್ಸ್‌ಫರ್ ಕೇಸ್ (ಎಂಜಿನ್ ಬಲವನ್ನು ಮುಂದಕ್ಕೂ ಹಿಂದಕ್ಕೂ ಕಳಿಸುವ ಗೇರ್ ಪೆಟ್ಟಿಗೆ) ಬಿಚ್ಚಿಸಿ, ಏನೂ ತೊಂದರೆಯಿಲ್ಲದ ಗೇರುಗಳಿಗೆ ದುಡ್ಡು ಸುರಿದವರು ಮೈಸೂರಿನ ನಮ್ಮ ಗ್ಯಾರೇಜಿಗೆ ಆಗಾಗ ಬರುತ್ತಾರೆ. ಎಡಗಡೆ ಮುಂದಿನ ಚಕ್ರವೂ ಹಿಂದಿನ ಚಕ್ರವೂ ಒಟ್ಟಿಗೆ ಸುತ್ತಿದವು ಎಂದು ನೀವೇ ಬರೆದಿದ್ದೀರಿ. ಅಂದರೆ ಫೋರ್ ವೀಲ್ ಸರಿಯಾಗಿಯೇ ಹಿಡಿದಿದೆ. ಎಂಜಿನ್ನಿನ ಬಲ ಮುಂದಕ್ಕೂ ಹಿಂದಕ್ಕೂ ಹೋಗಿದೆ. ಸೋತದ್ದು ಎಡ ಬಲದ ಹಂಚಿಕೆಯಲ್ಲಿ, ಅಂದರೆ ಡಿಫರೆನ್ಷಿಯಲ್‌ನಲ್ಲಿ.

ಎತ್ತಿನ ಗಾಡಿಗೆ ಡಿಫರೆನ್ಷಿಯಲ್ ಬೇಕಿಲ್ಲ. ಎಳೆಯುವುದು ಎತ್ತುಗಳು, ಚಕ್ರಗಳು ಅಚ್ಚಿನ ಮೇಲೆ ತಮ್ಮ ಪಾಡಿಗೆ ಉರುಳುತ್ತವೆ. ತಿರುವಿನಲ್ಲಿ ಹೊರಗಿನ ಚಕ್ರ ನಾಲ್ಕು ಸುತ್ತು ಹೆಚ್ಚು ಉರುಳಿದರೆ ಒಳಗಿನದಕ್ಕೇನೂ ಆಗಬೇಕಿಲ್ಲ. ಮೋಟಾರು ಗಾಡಿಯಲ್ಲಿ ಎಳೆಯುವ ಕೆಲಸವೂ ಚಕ್ರದ್ದೇ. ಎಡ ಬಲ ಚಕ್ರಗಳ ನಡುವೆ ಒಂದೂವರೆ ಮೀಟರ್ ಅಗಲವಿರುವ ಗಾಡಿ ಒಂದು ಪೂರ್ತಿ ಸುತ್ತು ಹೊಡೆದರೆ, ಹೊರಗಿನ ಚಕ್ರ ಒಳಗಿನದಕ್ಕಿಂತ ಸುಮಾರು 9.4 ಮೀಟರ್ ಹೆಚ್ಚು ದೂರ ಓಡಬೇಕು. ಸುತ್ತು ಕಿರಿದಾಗಿರಲಿ, ಸರ್ಕಲ್‌ನಷ್ಟು ಹಿರಿದಾಗಿರಲಿ, ಈ 9.4 ಬದಲಾಗುವುದಿಲ್ಲ. ಎರಡೂ ಚಕ್ರವನ್ನು ಒಂದೇ ಕಬ್ಬಿಣಕ್ಕೆ ಬಿಗಿದಿದ್ದರೆ ಅಷ್ಟು ದೂರವನ್ನು ಯಾವುದೋ ಒಂದು ಟೈರ್ ನೆಲಕ್ಕೆ ಉಜ್ಜಿಕೊಂಡೇ ತೀರಿಸಬೇಕಾಗುತ್ತಿತ್ತು. ಇದನ್ನು ತಪ್ಪಿಸಲೆಂದೇ ಆಕ್ಸಲ್ ನಡುವಿನ ದೊಡ್ಡ ಗೇರಾದ ಕ್ರೌನ್ ಚಕ್ರದ ಒಳಗೆ ನಾಲ್ಕಾರು ಪುಟ್ಟ ಗೇರುಗಳಿರುವುದು. ಅವೇ ಡಿಫರೆನ್ಷಿಯಲ್.

ಆ ಪುಟ್ಟ ಗೇರುಗಳು ಎರಡು ಕಡೆಗೂ ಯಾವಾಗಲೂ ಸಮನಾದ ಟಾರ್ಕ್, ಅಂದರೆ ತಿರುಗಿಸುವ ಶಕ್ತಿ, ಕೊಡುತ್ತವೆ. "ಜಾರೋ ಚಕ್ರಕ್ಕೇ ಬಲ ಎಲ್ಲ ಹೋಗುತ್ತೆ" ಅನ್ನುವ ಮಾತು ಬಾಯಿಂದ ಬಾಯಿಗೆ ಬಂದಿದೆ, ಆದರೆ ಅದು ಅರ್ಧ ಸತ್ಯ. ವೇಗವೆಲ್ಲ ಜಾರುವ ಚಕ್ರಕ್ಕೆ ಹೋಗುತ್ತದೆ, ನಿಜ. ಟಾರ್ಕ್ ಮಾತ್ರ ಎರಡಕ್ಕೂ ಸಮ. ಕೆಸರಿನಲ್ಲಿರುವ ಎಡ ಚಕ್ರ 100 ನ್ಯೂಟನ್ ಮೀಟರ್‌ಗೇ ಜಾರಿಬಿಡುತ್ತದೆ ಅಂದುಕೊಳ್ಳಿ. ಗಟ್ಟಿ ನೆಲದ ಬಲ ಚಕ್ರಕ್ಕೆ 500 ತಡೆಯುವ ಶಕ್ತಿಯಿದ್ದರೂ ಅದಕ್ಕೆ ಸಿಗುವುದು 100 ಮಾತ್ರ. ಒಟ್ಟು 200ರಲ್ಲಿ ಜೀಪ್ ಮೇಲೇಳಲಿಲ್ಲ. ನೀವು ಎಷ್ಟೇ ಒತ್ತಿದರೂ ಎಡ ಚಕ್ರ ಜೋರಾಗಿ ಸುತ್ತಿ ಇನ್ನಷ್ಟು ಆಳಕ್ಕೆ ಅಗೆಯಿತೇ ಹೊರತು ಬಲಕ್ಕೆ ಒಂದು ಗುಲಗಂಜಿ ಹೆಚ್ಚು ಸಿಗಲಿಲ್ಲ. ಮುಂದಿನ ಆಕ್ಸಲ್‌ನಲ್ಲೂ ಇದೇ ಕಥೆ.

ಇನ್ನು ನಿಮ್ಮನ್ನು ಎಳೆದ ಆ ಟ್ರ್ಯಾಕ್ಟರಿನ ಹತ್ತಿರ ಒಮ್ಮೆ ಹೋಗಿ ನಿಂತು ನೋಡಿ. ನೀವು ಕೇಳಿರುವ ಥಾರೂ ಜಿಮ್ನಿಯೂ ಎರಡೂ ಅದರಲ್ಲೇ ಇವೆ.

ಸೀಟಿನ ಕೆಳಗೆ, ಹಿಮ್ಮಡಿಗೆ ಸಿಗುವ ಹಾಗೆ ಒಂದು ಸಣ್ಣ ಪೆಡಲ್ ಇರುತ್ತದೆ. ಅದು ಡಿಫರೆನ್ಷಿಯಲ್ ಲಾಕ್. ಒತ್ತಿದರೆ ಎರಡು ಹಿಂದಿನ ಚಕ್ರವೂ ಒಂದೇ ಅಚ್ಚಿನ ಹಾಗೆ ಕೂಡಿಕೊಳ್ಳುತ್ತವೆ. ಬಲಗಡೆ ಮುಂದೆ ನೋಡಿದರೆ ಬ್ರೇಕ್ ಪೆಡಲ್ ಎರಡು, ಎಡ ಚಕ್ರಕ್ಕೊಂದು, ಬಲ ಚಕ್ರಕ್ಕೊಂದು. ರಸ್ತೆಗೆ ಬಂದಾಗ ಅವೆರಡನ್ನೂ ಕೊಂಡಿ ಹಾಕಿ ಕೂಡಿಸಲೇಬೇಕು, ಇಲ್ಲದಿದ್ದರೆ ಒಂದೇ ಕಡೆ ಬ್ರೇಕ್ ಬಿದ್ದು ಟ್ರ್ಯಾಕ್ಟರ್ ಮಗುಚುತ್ತದೆ. ಗದ್ದೆಯಲ್ಲಿ ಕೊಂಡಿ ತೆಗೆದಿರುತ್ತಾರೆ. ನಾಟಿಗೆ ಕೆಸರು ಹೊಡೆಯುವಾಗ ಎಡ ಚಕ್ರ ಸುಮ್ಮನೆ ಸುತ್ತತೊಡಗಿತು ಅನ್ನಿ, ಪಳಗಿದ ಡ್ರೈವರ್ ಎಡ ಬ್ರೇಕನ್ನು ಮೆಲ್ಲಗೆ ಅದುಮುತ್ತಾನೆ. ತಕ್ಷಣ ಬಲ ಚಕ್ರ ನೆಲ ಕಚ್ಚಿ ಟ್ರ್ಯಾಕ್ಟರ್ ಮುಂದೆ ಹೋಗುತ್ತದೆ. ಸುತ್ತುತ್ತಿದ್ದ ಚಕ್ರಕ್ಕೆ ಬ್ರೇಕಿನಿಂದ ಕೃತಕವಾಗಿ ತಡೆ ಕೊಟ್ಟರೆ, ಸಮನಾಗಿ ಹಂಚುವ ಡಿಫರೆನ್ಷಿಯಲ್ ಅಷ್ಟೇ ಟಾರ್ಕನ್ನು ಆಚೆ ಕಡೆಗೂ ಕಳಿಸಲೇಬೇಕು. ಜಿಮ್ನಿಯಲ್ಲಿ ಆ ಡ್ರೈವರ್ ಕಾಲಿನ ಕೆಲಸವನ್ನು ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಕಚ್ಚಿ ನಿಲ್ಲದಂತೆ ನೋಡುವ ವ್ಯವಸ್ಥೆ) ಪಂಪ್ ಮಾಡುತ್ತದೆ. ಪ್ರತಿ ಚಕ್ರದ ಬಳಿ ಇರುವ ಸೆನ್ಸರ್ ಯಾವುದು ಹೆಚ್ಚು ಸುತ್ತುತ್ತಿದೆ ಎಂದು ಹೇಳುತ್ತದೆ, ಪಂಪ್ ಆ ಒಂದು ಚಕ್ರವನ್ನು ಮಾತ್ರ ಸೆಕೆಂಡಿಗೆ ಹಲವು ಬಾರಿ ಹಿಡಿದು ಬಿಡುತ್ತದೆ. ಇದು ಮುಂದಿನ ಆಕ್ಸಲ್‌ಗೂ ಹಿಂದಿನ ಆಕ್ಸಲ್‌ಗೂ ಉಂಟು. ಕೆಳಗಿನಿಂದ ಕಟಕಟ ಸದ್ದು ಬಂದರೆ ಹೆದರಬೇಡಿ, ಅದು ಕೆಲಸ ಮಾಡುತ್ತಿರುವ ಸದ್ದು.

ಹಾಗಾದರೆ ಎರಡೂ ಒಂದೇ ಅಲ್ಲವೇ ಎಂದರೆ, ಲೆಕ್ಕದಲ್ಲಿ ವ್ಯತ್ಯಾಸವಿದೆ. ಅದೇ 100ರ ಕೆಸರು, ಅದೇ 500ರ ಗಟ್ಟಿ ನೆಲ. ಲಾಕ್ ಹಾಕಿದರೆ ಎಡಕ್ಕೆ 100, ಬಲಕ್ಕೆ 500, ಒಟ್ಟು 600 ಗಾಡಿಯನ್ನು ತಳ್ಳುತ್ತದೆ. ಎಂಜಿನ್ ಕೊಡಬೇಕಾದದ್ದೂ 600ನ್ನೇ. ಬ್ರೇಕಿನ ದಾರಿಯಲ್ಲಿ ಬಲಕ್ಕೆ 500 ಬರಬೇಕೆಂದರೆ ಎಡಕ್ಕೂ 500 ಹೋಗಬೇಕು, ಅದರಲ್ಲಿ 400ನ್ನು ಬ್ರೇಕ್ ನುಂಗಿ ಬಿಸಿ ಮಾಡುತ್ತದೆ. ಗಾಡಿಯನ್ನು ತಳ್ಳಿದ್ದು ಅದೇ 600, ಎಂಜಿನ್ ಕೊಟ್ಟದ್ದು ಮಾತ್ರ 1000. ಹಾಗಾಗಿ ಟ್ರ್ಯಾಕ್ಷನ್ ಕಂಟ್ರೋಲನ್ನೇ ನಂಬಿದ ಗಾಡಿಗೆ ಕಷ್ಟದ ಜಾಗದಲ್ಲಿ ಎಂಜಿನ್ ಬಲ ಹೆಚ್ಚೇ ಬೇಕು. ಜಿಮ್ನಿಯ ಒಂದೂವರೆ ಲೀಟರ್ ಪೆಟ್ರೋಲ್ ಎಂಜಿನ್ 134 ನ್ಯೂಟನ್ ಮೀಟರಿನದು, ಅದೂ 4000 ಆರ್‌ಪಿಎಂ ಹೊತ್ತಿಗೆ. ಡೀಸೆಲ್ ಥಾರ್ 300 ನ್ಯೂಟನ್ ಮೀಟರಿನದು. ಲೋ ಗೇರ್ ಥಾರ್‌ನಲ್ಲಿ ಟಾರ್ಕನ್ನು ಸುಮಾರು ಎರಡೂವರೆ ಪಟ್ಟು ಹೆಚ್ಚಿಸಿದರೆ ಜಿಮ್ನಿಯಲ್ಲಿ ಎರಡು ಪಟ್ಟು. ಜಿಮ್ನಿಯ ಪರವಾಗಿ ಹೇಳಬೇಕಾದದ್ದು ಅದರ ತೂಕ. ಅದು ಸುಮಾರು 1200 ಕಿಲೋ. ಹಗುರ ಗಾಡಿ ಮೆತ್ತನೆ ನೆಲದಲ್ಲಿ ಕಡಿಮೆ ಇಳಿಯುತ್ತದೆ, ಹೊರಬರಲು ಕಡಿಮೆ ಬಲ ಕೇಳುತ್ತದೆ.

ಟ್ರ್ಯಾಕ್ಷನ್ ಕಂಟ್ರೋಲ್ ಗಾಡಿ ಓಡಿಸುವಾಗ ನಮ್ಮ ಹಳೇ ಜೀಪ್ ಅಭ್ಯಾಸವೇ ಅಡ್ಡ ಬರುತ್ತದೆ. ಚಕ್ರ ಸುತ್ತಿತು ಅಂದ ಕೂಡಲೇ ನಾವು ಕಾಲು ತೆಗೆಯುತ್ತೇವೆ. ತೆಗೆದರೆ ಚಕ್ರದ ಸುತ್ತು ನಿಲ್ಲುತ್ತದೆ, ಕಂಪ್ಯೂಟರು ತನ್ನ ಕೆಲಸ ಮುಗಿಯಿತು ಎಂದುಕೊಂಡು ಬ್ರೇಕ್ ಬಿಡುತ್ತದೆ. ಮತ್ತೆ ಒತ್ತಿದರೆ ಮತ್ತೆ ಮೊದಲಿನಿಂದ. ಲೋ ಗೇರಿನಲ್ಲಿ, ಎರಡು ಸಾವಿರ ಎರಡೂವರೆ ಸಾವಿರ ಆರ್‌ಪಿಎಂನಲ್ಲಿ ಕಾಲನ್ನು ಅಲ್ಲಾಡಿಸದೆ ಇಡಿ. ಒಂದು, ಎರಡು, ಮೂರು ಎಂದು ಎಣಿಸುವಷ್ಟು ತಾಳ್ಮೆ ಬೇಕು. ಹಿಡಿತ ಸಿಕ್ಕಾಗ ಗಾಡಿ ತಾನೇ ಎದ್ದು ಬರುತ್ತದೆ. ಹಾಗೆಂದು ಹತ್ತು ನಿಮಿಷ ಒತ್ತಿ ಹಿಡಿಯಬಾರದು. ಬ್ರೇಕ್ ಅತಿಯಾಗಿ ಬಿಸಿಯಾದರೆ ವ್ಯವಸ್ಥೆ ತನ್ನನ್ನು ತಾನೇ ಆರಿಸಿಕೊಳ್ಳುತ್ತದೆ.

ಇಲ್ಲಿ ಒಂದು ಗೊಂದಲವನ್ನೂ ಬಿಡಿಸಬೇಕು. ಟ್ರ್ಯಾಕ್ಷನ್ ಕಂಟ್ರೋಲ್ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಕೆಲಸಗಳಿವೆ. ಮೇಲೆ ಹೇಳಿದ್ದು ಬ್ರೇಕ್ ಹಿಡಿಯುವಂಥದ್ದು. ಇನ್ನೊಂದು, ಚಕ್ರ ಜಾರಿದರೆ ಎಂಜಿನ್ನಿನ ಬಲವನ್ನೇ ಕತ್ತರಿಸುವಂಥದ್ದು. ಮಳೆಯಲ್ಲಿ ಬೆಂಗಳೂರು ಹೆದ್ದಾರಿಯಲ್ಲಿ ಹೋಗುವಾಗ ಅದು ಪ್ರಾಣ ಉಳಿಸುತ್ತದೆ. ಕೆಸರಿನಲ್ಲಿ ಅದೇ ಕೈಕೊಡುತ್ತದೆ. ನೀವು ಒತ್ತುತ್ತೀರಿ, ಎಂಜಿನ್ ಸುಸ್ತಾದ ಹಾಗೆ ಮಂಕಾಗುತ್ತದೆ. ಕೆಸರಿಗೆ ಇಳಿಯುವ ಮುಂಚೆ ಇಎಸ್‌ಪಿ (ಗಾಡಿ ಅಡ್ಡ ಜಾರದಂತೆ ಕಾಯುವ ವ್ಯವಸ್ಥೆ) ಆಫ್ ಬಟನ್ ಒತ್ತುವುದು ಇದಕ್ಕೇ. ಹಲವು ಗಾಡಿಗಳಲ್ಲಿ ಲೋ ಗೇರಿಗೆ ಹಾಕಿದರೆ ಎಂಜಿನ್ ಕತ್ತರಿಸುವುದು ತಾನೇ ನಿಂತು, ಬ್ರೇಕ್ ಹಿಡಿಯುವುದು ಮಾತ್ರ ಉಳಿಯುತ್ತದೆ. ಟಾರ್ ರಸ್ತೆಗೆ ಬಂದ ಮೇಲೆ ಮರೆಯದೆ ಆನ್ ಮಾಡಿ.

ಈಗ ಥಾರ್‌ನ ಲಾಕ್. 2020ರಲ್ಲಿ ಬಂದ ಹೊಸ ಥಾರ್‌ನ ಕೆಲವು ಮಾದರಿಗಳಲ್ಲಿ ಮೆಕ್ಯಾನಿಕಲ್ ಲಾಕಿಂಗ್ ಡಿಫರೆನ್ಷಿಯಲ್ ಇದೆ, ಕೆಲವದರಲ್ಲಿ ಬ್ರೇಕ್ ಹಿಡಿಯುವ ವ್ಯವಸ್ಥೆ ಮಾತ್ರ ಇದೆ. ಆದ್ದರಿಂದ ಥಾರ್ ಎಂದ ಮಾತ್ರಕ್ಕೆ ಲಾಕ್ ಇದೆ ಎಂದು ನಂಬಬೇಡಿ, ಮಾದರಿಯ ಪೂರ್ತಿ ಹೆಸರು ಆರ್‌ಸಿಯಲ್ಲಿ ನೋಡಿ ವಿಚಾರಿಸಿ. ಈ ಲಾಕ್‌ಗೆ ಬಟನ್ ಇಲ್ಲ. ಎಡ ಬಲ ಚಕ್ರಗಳ ವೇಗದ ನಡುವೆ ಸುಮಾರು 100 ಆರ್‌ಪಿಎಂ ವ್ಯತ್ಯಾಸ ಬಂದರೆ ಒಳಗಿರುವ ಪುಟ್ಟ ತೂಕಗಳು ಹೊರಕ್ಕೆ ಚಿಮ್ಮಿ ಕೊಕ್ಕೆ ಬಿದ್ದು ಎರಡೂ ಕೂಡಿಕೊಳ್ಳುತ್ತವೆ. ಟಕ್ ಎಂದು ಒಂದು ಸದ್ದು, ಹಿಂದೆ ಸಣ್ಣ ಜಗ್ಗು. ಗಾಡಿ ಸುಮಾರು 30 ಕಿಲೋಮೀಟರ್ ವೇಗಕ್ಕಿಂತ ಮೇಲಿದ್ದರೆ ಅದು ಬೀಳುವುದೇ ಇಲ್ಲ. ಥಾರ್‌ನ 18 ಇಂಚಿನ ಟೈರಿಗೆ 100 ಆರ್‌ಪಿಎಂ ಎಂದರೆ ಗಂಟೆಗೆ ಹೆಚ್ಚು ಕಡಿಮೆ 15 ಕಿಲೋಮೀಟರ್. ಅಂದರೆ ಜಾರುವ ಚಕ್ರ ನಿಂತಲ್ಲೇ ಅಷ್ಟು ವೇಗದಲ್ಲಿ ಸುತ್ತಿದ ಮೇಲೆಯೇ ಲಾಕ್ ಬೀಳುವುದು. ಅಷ್ಟರಲ್ಲಿ ಮೆತ್ತನೆ ಮಣ್ಣನ್ನು ಅದು ಸ್ವಲ್ಪ ಅಗೆದಿರುತ್ತದೆ. ಬಿದ್ದ ಮೇಲೆ ಮಾತ್ರ ಅದರ ಎಳೆತವೇ ಬೇರೆ. ಕಬ್ಬು ಕಡಿದ ಮೇಲೆ ಟ್ರೈಲರ್ ಚಕ್ರಗಳು ಮೊಣಕಾಲುದ್ದ ಜಾಡು ಮಾಡಿಟ್ಟಿರುತ್ತವಲ್ಲ, ಅಂಥ ಕಡೆ ಒಂದು ಹಿಂದಿನ ಚಕ್ರ ಗಾಳಿಯಲ್ಲಿ ತೇಲಿದರೂ ಇನ್ನೊಂದು ಗಾಡಿಯನ್ನು ದೂಡುತ್ತದೆ. ಅಲ್ಲಿ ನಿಮ್ಮ ಭಾವಮೈದನ ಮಾತು ನೂರಕ್ಕೆ ನೂರು ಸರಿ.

ಆದರೆ ನಿಮ್ಮ ದಾರಿ ನಾಲೆ ಏರಿ. ನನ್ನ ಆತಂಕವಿರುವುದು ಅಲ್ಲೇ.

ಲಾಕ್ ಇಲ್ಲದ ಆಕ್ಸಲ್‌ನಲ್ಲಿ ಒಂದು ಚಕ್ರ ಜಾರಿ ಸುತ್ತುತ್ತಿದ್ದರೂ ಇನ್ನೊಂದು ಸುಮ್ಮನೆ ನೆಲ ಹಿಡಿದು ನಿಂತಿರುತ್ತದೆ. ಮುಂದೆ ಹೋಗಲು ಅದು ನೆರವಾಗದಿರಬಹುದು, ಪಕ್ಕಕ್ಕೆ ಜಾರದಂತೆ ಗೂಟದ ಹಾಗೆ ತಡೆಯುತ್ತದೆ. ಲಾಕ್ ಬಿದ್ದಾಗ ಎರಡೂ ಒಟ್ಟಿಗೆ ತಿರುಗಬೇಕು. ಹಿಡಿತ ತಪ್ಪಿದರೆ ಎರಡೂ ಒಟ್ಟಿಗೇ ತಪ್ಪುತ್ತವೆ. ಸುತ್ತುತ್ತಿರುವ ಟೈರ್‌ಗೆ ಪಕ್ಕದ ಹಿಡಿತ ಇರುವುದಿಲ್ಲ. ಆಗ ಗಾಡಿಯ ಹಿಂಭಾಗ ಇಳಿಜಾರು ಎತ್ತ ಇದೆಯೋ ಅತ್ತ ಜರುಗುತ್ತದೆ. ಏರಿಯ ಮೇಲೆ ಇಳಿಜಾರು ಇರುವುದು ಎರಡೇ ಕಡೆ, ಒಂದು ಕಡೆ ಗದ್ದೆ, ಇನ್ನೊಂದು ಕಡೆ ನೀರು.

ಇದನ್ನು ನಾನು ಮೈಮೇಲೆ ತಂದುಕೊಂಡೇ ಕಲಿತದ್ದು. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಕೈಯಿಂದ ಹಾಕುವ ಹಿಂದಿನ ಲಾಕ್ ಇದ್ದ ಗಿರಾಕಿಯೊಬ್ಬರ ಗಾಡಿಯನ್ನು ಶ್ರೀರಂಗಪಟ್ಟಣದ ಕಡೆಯ ಒಂದು ಕಾಲುವೆ ಏರಿಯಲ್ಲಿ ಪರೀಕ್ಷೆಗೆ ಒಯ್ದಿದ್ದೆ. ಹಿಂದಿನ ದಿನ ಮಳೆ ಬಂದಿತ್ತು. ಏರಿ ನೀರಿನ ಕಡೆಗೆ ಒಂದು ಗೇಣು ವಾಲಿತ್ತು ಅಷ್ಟೇ. ಲಾಕ್ ಹಾಕಿ ಒತ್ತಿದೆ. ಗಾಡಿ ಮುಂದೆ ಹೋಯಿತು, ಜೊತೆಗೇ ಹಿಂಭಾಗ ಸದ್ದಿಲ್ಲದೆ ಎಡಕ್ಕೆ ಸರಿಯಿತು. ಕನ್ನಡಿಯಲ್ಲಿ ರಸ್ತೆಯ ಬದಲು ನೀರು ಕಂಡಿತು. ಕಾಲು ತೆಗೆದೆ. ಅಂಚಿನಲ್ಲಿದ್ದ ಹೊಂಗೆ ಮರದ ಬೇರಿಗೆ ಹಿಂದಿನ ಚಕ್ರ ತಾಗಿ ನಿಂತಿತು. ಆ ಬೇರು ಅಲ್ಲಿರದಿದ್ದರೆ ಏನಾಗುತ್ತಿತ್ತು ಎಂದು ಇಂದಿಗೂ ಯೋಚಿಸುತ್ತೇನೆ. 2018ರ ನವೆಂಬರಿನಲ್ಲಿ ನಿಮ್ಮ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸು ವಿ.ಸಿ. ನಾಲೆಗೆ ಉರುಳಿ 30 ಜನ ತೀರಿಕೊಂಡದ್ದನ್ನು ನಿಮ್ಮ ಕಡೆಯವರಿಗೆ ನೆನಪಿಸಬೇಕಾಗಿಲ್ಲ. ಅದಕ್ಕೂ ಡಿಫರೆನ್ಷಿಯಲ್‌ಗೂ ಸಂಬಂಧವಿಲ್ಲ. ನಾಲೆಗೆ ಬಿದ್ದ ಗಾಡಿಯಿಂದ ಹೊರಬರುವುದು ಎಷ್ಟು ಕಷ್ಟ ಎಂಬುದಕ್ಕಾಗಿ ಹೇಳಿದೆ.

ಬಟನ್ ಇರುವ ಲಾಕ್ ಆದರೆ ಏರಿಯ ಮೇಲೆ ಹಾಕದೆ, ಗದ್ದೆಯ ಜಾಡಿಗೆ ಇಳಿದಾಗ ಹಾಕಬಹುದು. ಫೋರ್ಸ್ ಗೂರ್ಖಾದಲ್ಲಿ ಮುಂದೆ ಹಿಂದೆ ಎರಡಕ್ಕೂ ಡ್ರೈವರ್ ಹಾಕುವ ಲಾಕ್ ಇದೆ. ಫಾರ್ಚೂನರ್ ಫೋರ್ ಬೈ ಫೋರ್‌ನಲ್ಲಿ ಹಿಂದಿನದಕ್ಕೆ ಇದೆ. ಮುಂದಿನ ಲಾಕ್ ಹಾಕಿಕೊಂಡು ಸ್ಟೇರಿಂಗ್ ತಿರುಗಿಸಹೊರಟರೆ ಅದು ಕಲ್ಲಿನಂತೆ ಬಿಗಿಯುತ್ತದೆ, ಬಲವಂತ ಮಾಡಿದರೆ ಆಕ್ಸಲ್ ಜಾಯಿಂಟ್ ಮುರಿಯುತ್ತದೆ. ಥಾರ್‌ನಂಥ ಸ್ವಯಂ ಲಾಕ್ ಯಾವಾಗ ಬೀಳಬೇಕೆಂದು ನಿಮ್ಮನ್ನು ಕೇಳುವುದಿಲ್ಲ. ಏರಿಯ ಮೇಲೆ ಅದನ್ನು ಬೀಳದಂತೆ ಇಡಲು ಇರುವ ದಾರಿ ಒಂದೇ, ಚಕ್ರ ಜೋರಾಗಿ ಸುತ್ತಲು ಬಿಡದಿರುವುದು. ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಎಂಬ ಇನ್ನೊಂದು ಬಗೆಯಿದೆ. ಒಳಗೆ ಕ್ಲಚ್ ಪ್ಲೇಟುಗಳಿದ್ದು ಜಾರುವಿಕೆಯನ್ನು ಸ್ವಲ್ಪ ತಡೆಯುತ್ತದೆ. ಪ್ಲೇಟ್ ಸವೆದರೆ ಮಾಮೂಲಿ ಡಿಫರೆನ್ಷಿಯಲ್ ಆಗಿಬಿಡುತ್ತದೆ, ಅದಕ್ಕೆ ಹಾಕುವ ಎಣ್ಣೆಯೂ ಬೇರೆ. ಹಳೇ ಗಾಡಿಯಲ್ಲಿ ಅದನ್ನು ನೆಚ್ಚಿಕೊಳ್ಳಬೇಡಿ.

ಲಾಕ್ ಇರಲಿ, ಫೋರ್ ವೀಲ್ ಇರಲಿ, ಒಣ ಟಾರ್ ರಸ್ತೆಗೆ ಬಂದರೆ ಬಿಡಿಸಿಬಿಡಿ. ಥಾರ್, ಜಿಮ್ನಿ ಎರಡರಲ್ಲೂ ಫೋರ್ ವೀಲ್ ಹಾಕಿದಾಗ ಮುಂದಿನ ಹಿಂದಿನ ಶಾಫ್ಟ್‌ಗಳು ಒಂದಕ್ಕೊಂದು ಬಿಗಿಯಾಗಿ ಕೂಡಿರುತ್ತವೆ, ನಡುವೆ ಡಿಫರೆನ್ಷಿಯಲ್ ಇಲ್ಲ. ತಿರುವಿನಲ್ಲಿ ಗಾಡಿ ಕುಪ್ಪಳಿಸಿ ಕುಪ್ಪಳಿಸಿ ಹೋಗುತ್ತದೆ, ಲಿವರ್ ಹಿಂದಕ್ಕೆ ಬರದಷ್ಟು ಬಿಗಿಯುತ್ತದೆ. ಇದೇ ಕಾರಣಕ್ಕೆ ನಾಲ್ಕೂ ಟೈರ್ ಒಂದೇ ಅಳತೆ, ಹೆಚ್ಚು ಕಡಿಮೆ ಒಂದೇ ಸವಕಲು ಇರಬೇಕು.

ಟೈರ್ ಮಾತು ಬಂತು. ನಿಮ್ಮ ಪತ್ರದಲ್ಲಿ ಟೈರ್ ಬಗ್ಗೆ ಒಂದಕ್ಷರವೂ ಇಲ್ಲ, ನನಗೆ ಮೊದಲು ಕೇಳಬೇಕೆನಿಸಿದ್ದೇ ಅದು. ಡಿಫರೆನ್ಷಿಯಲ್ ಮಾಡುವುದು ಇರುವ ಹಿಡಿತವನ್ನು ಹಂಚುವ ಕೆಲಸ, ಹಿಡಿತವನ್ನು ಹುಟ್ಟಿಸುವುದು ಟೈರ್. ಹೆದ್ದಾರಿ ಟೈರಿನ ಸಣ್ಣ ಗೀರುಗಳಿಗೆ ಜೇಡಿ ಮಣ್ಣು ಮುದ್ದೆಯ ಹಾಗೆ ಮೆತ್ತಿಕೊಂಡರೆ ನಾಲ್ಕು ಚಕ್ರಕ್ಕೂ ಲಾಕ್ ಇದ್ದರೂ ನಾಲ್ಕೂ ಕೂಡಿ ಜಾರುತ್ತವೆ. ಆಲ್ ಟೆರೇನ್ ಟೈರ್ ಹಾಕಿಸಿ. ಅಗಲದ ಮೋಹ ಬೇಡ. ಜಿಮ್ನಿಗೆ ಕಂಪನಿಯಿಂದ ಬರುವ 195 ಅಗಲವೇ ಏರಿಗೆ ಒಳ್ಳೆಯದು, ಮೇಲಿನ ಕೆಸರನ್ನು ಸೀಳಿ ಕೆಳಗಿನ ಗಟ್ಟಿ ಮಣ್ಣನ್ನು ಮುಟ್ಟುತ್ತದೆ. ಕೆಸರಿಗೆ ಇಳಿಯುವ ಮುಂಚೆ ಗಾಳಿಯನ್ನು 20 ಪಿಎಸ್‌ಐ ಆಸುಪಾಸಿಗೆ ಇಳಿಸಿದರೆ ಟೈರ್ ನೆಲಕ್ಕೆ ಉದ್ದಕ್ಕೆ ಒರಗುತ್ತದೆ. ಗಾಡಿಯಲ್ಲಿ ಒಂದು ಸಣ್ಣ 12 ವೋಲ್ಟ್ ಕಂಪ್ರೆಸರ್ ಇಟ್ಟುಕೊಳ್ಳಿ, ರಸ್ತೆಗೆ ಬಂದ ಮೇಲೆ ಮತ್ತೆ ತುಂಬಿಸದೆ ಓಡಿಸಬೇಡಿ.

ಗಾಡಿ ನೋಡಲು ಹೋದಾಗ ಸೀಟು, ಪೇಂಟ್ ಆಮೇಲೆ ನೋಡಿದರಾಯಿತು. ಮೊದಲು ಕೆಳಗೆ ತೂರಿ ಹಿಂದಿನ ಹೌಸಿಂಗ್, ಅಂದರೆ ಡಿಫರೆನ್ಷಿಯಲ್ ಕೂತಿರುವ ಕವಚ, ನೋಡಿ. ಮಾರುವವರು ಒಪ್ಪಿದರೆ ಡ್ರೈನ್ ಬೋಲ್ಟ್ ಬಿಚ್ಚಿಸಿ ಎಣ್ಣೆ ನೋಡಿ. ಹಾಲು ಬೆರೆಸಿದ ಕಾಫಿಯ ಬಣ್ಣವಿದ್ದರೆ ನೀರು ಒಳಹೊಕ್ಕಿದೆ. ಓಡಿ ಬಿಸಿಯಾದ ಹೌಸಿಂಗ್ ತಣ್ಣನೆ ನೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ, ಮೇಲಿನ ಬ್ರೀದರ್ ಪೈಪ್ ಮಣ್ಣಿನಿಂದ ಕಟ್ಟಿದ್ದರೆ ಸೀಲ್ ಮೂಲಕ ನೀರನ್ನೇ ಹೀರಿಕೊಳ್ಳುತ್ತದೆ. ತೆಗೆದ ಎಣ್ಣೆಯನ್ನು ಬೆರಳ ತುದಿಯಲ್ಲಿ ಉಜ್ಜಿ ನೋಡಿ. ಬೂದಿಯಂಥ ನಯವಾದ ಪುಡಿ ಇರುವುದು ಸಹಜ, ಚುಚ್ಚುವ ಚೂರು ಸಿಕ್ಕರೆ ಆ ಗಾಡಿ ಬಿಟ್ಟುಬಿಡಿ.

ಜಿಮ್ನಿಯಾದರೆ ನಾಲ್ಕೂ ಚಕ್ರದ ಸೆನ್ಸರ್ ವೈರು ಎಲ್ಲೂ ಕಡಿದಿಲ್ಲವೇ ನೋಡಿ, ಕೀ ತಿರುಗಿಸಿದಾಗ ಎಬಿಎಸ್, ಇಎಸ್‌ಪಿ ದೀಪಗಳು ಹತ್ತಿ ಆರಬೇಕು. ಹತ್ತದೇ ಇದ್ದರೂ ಅನುಮಾನಿಸಿ, ಬಲ್ಬ್ ಕಿತ್ತಿರುವ ಪುಣ್ಯಾತ್ಮರಿದ್ದಾರೆ. ಒಂದು ಸೆನ್ಸರ್ ಸತ್ತರೂ ಆ ಗಾಡಿ ನಿಮ್ಮ ಹಳೇ ಜೀಪಿನಂತೆಯೇ ಕೆಸರಿನಲ್ಲಿ ನಿಲ್ಲುತ್ತದೆ. ಥಾರ್ ಆದರೆ ಸಡಿಲ ಮಣ್ಣಿನ ಸಮತಟ್ಟಾದ ಬಯಲಿನಲ್ಲಿ, ಯಾರೂ ಹತ್ತಿರವಿಲ್ಲದಾಗ, ಒಂದು ಹಿಂದಿನ ಚಕ್ರವನ್ನು ಗುಂಡಿಗೆ ಇಳಿಸಿ ಟೂ ವೀಲ್‌ನಲ್ಲೇ ಮೆಲ್ಲಗೆ ಏರಿಸಿ ನೋಡಿ. ಟಕ್ ಎಂದು ಬಿದ್ದು ಹತ್ತಿ ಬಂದರೆ ಲಾಕ್ ಬದುಕಿದೆ.

ನಿಮ್ಮ ಮನೆಯ ಗಾಡಿ ಏನು ಕೆಲಸ ಮಾಡಬೇಕು ಎಂಬುದರ ಮೇಲೆ ನನ್ನ ಉತ್ತರ ನಿಂತಿದೆ. ಭಾರ ಎಳೆಯಲು ಬಾಡಿಗೆ ಟ್ರ್ಯಾಕ್ಟರ್ ಸಿಗುತ್ತದೆ, ಈ ಗಾಡಿ ಪಂಪ್‌ಸೆಟ್ ನೋಡಿಬರಲು, ಮೈಸೂರಿಗೆ ಹೋಗಿಬರಲು, ಮನೆಯವರನ್ನು ಕೂರಿಸಿಕೊಂಡು ಆ ಏರಿಯ ಮೇಲೆ ವಾರಕ್ಕೆ ನಾಲ್ಕು ಸಲ ಓಡಾಡಲು ಎಂದಾದರೆ ಜಿಮ್ನಿ ತಗೊಂಡು, ಉಳಿದ ದುಡ್ಡಿನಲ್ಲಿ ನಾಲ್ಕು ಒಳ್ಳೆ ಟೈರ್ ಹಾಕಿಸಿ. ನಿಮ್ಮ ಜೀಪ್ ಹೂತುಕೊಂಡಿತಲ್ಲ, ಒಂದು ಕಡೆ ಕೆಸರು ಒಂದು ಕಡೆ ಗಟ್ಟಿ, ಬ್ರೇಕ್ ಹಿಡಿಯುವ ವ್ಯವಸ್ಥೆ ಚೆನ್ನಾಗಿ ನಿಭಾಯಿಸುವ ಜಾಗವೇ ಅದು. ಕಬ್ಬಿನ ಜಾಡುಗಳಲ್ಲಿ ಸಣ್ಣ ಟ್ರೈಲರ್ ಕಟ್ಟಿಕೊಂಡು ಗೊಬ್ಬರ, ಡೀಸೆಲ್ ಸಾಗಿಸುವುದೂ ಇದರ ಕೆಲಸವೇ ಆದರೆ ಥಾರ್. ಆಗ ಮಳೆ ಬಂದ ಮರುದಿನ ಏರಿಯ ಮೇಲೆ ಗಾಡಿ ತರುವ ಮುಂಚೆ ಒಮ್ಮೆ ಇಳಿದು ನಡೆದು ನೋಡಿ. ನಿಮ್ಮ ಚಪ್ಪಲಿ ನೀರಿನ ಕಡೆಗೆ ಜಾರಿದ ಜಾಗದಲ್ಲಿ ಗಾಡಿಯೂ ಜಾರುತ್ತದೆ. ಆ ದಿನ ಗಾಡಿ ಇತ್ತಲೇ ನಿಲ್ಲಿಸಿ.

ಮತ್ತೆ ಹೂತುಕೊಂಡು ಟ್ರ್ಯಾಕ್ಟರ್ ಕರೆಸುವ ಹೊತ್ತು ಬಂದರೆ, ಚೈನನ್ನು ಬಂಪರಿಗೆ ಕಟ್ಟಬೇಡಿ. ಚಾಸಿಗೆ ಬೋಲ್ಟ್ ಮಾಡಿರುವ ಟೋ ಹುಕ್‌ಗೆ ಅಗಲ ಪಟ್ಟಿ ಹಗ್ಗ ಕಟ್ಟಿ, ಹಗ್ಗದ ನಡುವೆ ಒಂದು ಒದ್ದೆ ಗೋಣಿಚೀಲ ಹೊದೆಸಿ, ಮಕ್ಕಳನ್ನು ಹಗ್ಗದ ಉದ್ದದ ಮೂರರಷ್ಟು ದೂರ ಕಳಿಸಿದ ಮೇಲೆಯೇ ಎಳೆಸಿ.